ಢೋಲಿನ ಮೇಲೆ ರಾಗಿ

ನೀಲಿಮಾ ಕರಜಗಿ ತೀರಿಕೊಂಡಳು. ಜೂನ್ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಶಾಲೆಯಿಂದ ಮನೆಗೆ ಬಂದು, ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ, ಪಕ್ಕದ ಮೆಟ್ಟಿಲ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಅವಳಿಗೆ ಐವತ್ತನಾಲ್ಕು. ಕೆಲವು ದಿನಗಳಿಂದ ಎದೆಯುರಿ ಎಂದು ಜೀರಿಗೆ ನೀರು ಕುಡಿಯುತ್ತಿದ್ದಳು. ಶಾಲೆ ಶುರುವಾಗುವ ಗಡಿಬಿಡಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಅದಕ್ಕೇ ಹೀಗೆ ಎಂದು ಅವಳೂ ಅಂದಳು, ನಾವೂ ನಂಬಿದೆವು.

ಸ್ಕೂಟರಿನ ಹಿಂದಿನ ಸೀಟಿಗೆ ಹಳೆಯ ಸೀರೆಯಿಂದ ಬಿಗಿದು ಕಟ್ಟಿದ ಒಂದು ಢೋಲು ಇತ್ತು. ಸುದ್ದಿ ಕೇಳಿ ಓಡಿಬಂದವರೆಲ್ಲ ಮೊದಲು ನೋಡಿದ್ದು ಅದನ್ನೇ. ಒಂದನೇ ತರಗತಿಗೆ ಕಲಿಸುವ ಹೆಂಗಸಿನ ಸ್ಕೂಟರಿನ ಮೇಲೆ ಢೋಲು ಯಾಕೆ ಎಂದು ಕೇಳಿದವರಿಗೆ ಅವಳ ಗಂಡ ಬಾಳಕೃಷ್ಣ ನನ್ನತ್ತ ಕೈ ತೋರಿಸುತ್ತಿದ್ದರು. "ದೀಪಾಲಿಯವರನ್ನ ಕೇಳ್ರಿ. ಅವರಿಗೆ ಗೊತ್ತದ." ಪ್ರತಿ ವರ್ಷ ಶಾಲೆ ಶುರುವಾದಾಗ ಊರಿನ ಕನ್ನಡಿಗರ ಪತ್ರಿಕೆಗೆ ನಮ್ಮ ಶಾಲೆಯ ಸುದ್ದಿ ಬರೆದು ಕಳಿಸುತ್ತಿದ್ದವಳು ನೀಲಿಮಾ. ಈ ವರ್ಷ ನಾನು ಬರೆಯುತ್ತಿದ್ದೇನೆ. ಸುದ್ದಿಯೆಂದರೆ ಆ ಢೋಲೇ.

ನಮ್ಮದು ಪುಣೆಯ ಪಿಂಪ್ರಿ ಕಡೆ ರೈಲು ಹಳಿಯ ಪಕ್ಕದ ಸಣ್ಣ ಕನ್ನಡ ಪ್ರಾಥಮಿಕ ಶಾಲೆ. ಲೋಣಾವಳಾ ಲೋಕಲ್ ಹೋಗುವಾಗ ಪಾಠ ನಿಲ್ಲುತ್ತದೆ, ಹೋದ ಮೇಲೆ ಬಿಟ್ಟಲ್ಲಿಂದ ಶುರುವಾಗುತ್ತದೆ. ನಾನು ಮೂರನೇ ತರಗತಿ, ನೀಲಿಮಾ ಒಂದನೆಯದು. ನಡುವೆ ಒಂದು ತೆಳು ಗೋಡೆ. ಲೋಕಲ್ ಹೋಗುವಾಗಲೂ ಆ ಗೋಡೆಯಾಚೆಯಿಂದ ಕೇಳುತ್ತಿದ್ದದ್ದು ಅವಳ ದನಿ ಒಂದೇ. ಅವಳು ಹುಟ್ಟಿ ಬೆಳೆದದ್ದು ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ. ತಂದೆ ಇಂಡಿ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡ್. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪ್ಲಾಟ್‌ಫಾರ್ಮಿನಲ್ಲಿ ಹಿಂದಿ. ಮೂರನ್ನೂ ಅವಳು ಜೋರಾಗಿಯೇ ಆಡುತ್ತಿದ್ದಳು. "ಜಂಕ್ಷನ್ನಿನ್ಯಾಗ ಬೆಳದಾಕಿ ನಾನು. ಸಣ್ಣ ದನೀಲೆ ಮಾತಾಡಿದ್ರ ನಮ್ಮವ್ವಗ ಊಟಾನೂ ಕೇಳಾಕ ಬರ್ತಿದ್ದಿಲ್ಲ," ಎನ್ನುವುದು ಅವಳ ಸಮಜಾಯಿಷಿ.

ಜೂನ್ ಬಂತೆಂದರೆ ಅವಳನ್ನು ಹಿಡಿಯುವವರಿರಲಿಲ್ಲ. ಬಾಳಕೃಷ್ಣ ಪಿಂಪ್ರಿ ಮಾರ್ಕೆಟ್ಟಿನ ದವಸದ ಅಂಗಡಿಯೊಂದರಲ್ಲಿ ಗುಮಾಸ್ತರು, ಮಾತು ಕಡಿಮೆ. ಅವರೇ ಅನ್ನುತ್ತಿದ್ದರು: "ಮಂದಿ ಮನ್ಯಾಗ ದೀಪಾವಳಿ ಕಾರ್ತಿಕದಾಗ ಬರ್ತದ. ನಮ್ಮನ್ಯಾಗ ಜೂನ್‌ದಾಗ." ಹೊಸ ಪುಸ್ತಕದ ಕಟ್ಟು ಬಿಚ್ಚಿದ ದಿನ ಅವಳು ಒಂದನ್ನು ತೆಗೆದು ನಡುವೆ ತೆರೆದು ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಬೆಳಗಾಗುವ ಮೊದಲೇ ಫೋನು.

"ಏ ದೀಪಾಲಿ, ಎದ್ದೀಯೇನ? ಈ ಸಲ ಅವಳಿ-ಜವಳಿ ಬರಾಕತ್ತಾವ! ಒಂದಕ್ಕ ಹಲ್ಲು ಬಿದ್ದಾವ, ಒಂದಕ್ಕ ಇಲ್ಲ. ಅದಕ್ಕs ಗುರುತು ಸಿಗ್ತದ."

"ಎರಡನೇದರ ಹಲ್ಲೂ ಬಿದ್ದ್ರ?"

"ಅಷ್ಟರಾಗ ಮೊದಲನೇದಕ್ಕ ಬಂದಿರ್ತಾವೇಳು. ಚಹಾ ಇಡು, ಬರಾಕತ್ತೀನಿ."

ಅವಳ ತರಗತಿಯ ಬಾಗಿಲ ಬಳಿ ಒಂದು ಹಳೆಯ ಬೆಂಚಿದೆ. ಅದರ ಹೆಸರು ಅಳುವ ಬೆಂಚು. ಹೊಸದಾಗಿ ಬಂದ ಮಗು ಅಳುತ್ತಿದ್ದರೆ ಸುಮ್ಮನಾಗು ಎಂದು ಯಾರೂ ಹೇಳುವಂತಿಲ್ಲ. ಆ ಬೆಂಚಿನ ಮೇಲೆ ಕೂತು ಬೇಕಾದಷ್ಟು ಅಳಬಹುದು. ಮುಗಿದ ಮೇಲೆ ಎದ್ದು ಮುಂದಿನವರಿಗೆ ಜಾಗ ಬಿಡಬೇಕು, ಅದೊಂದೇ ನಿಯಮ. ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಈ ವರ್ಷ ಮೇಲಿನಿಂದ ಸುತ್ತೋಲೆ ಬಂತು. ದಿನವೂ ಬೆಳಿಗ್ಗೆ ಪ್ರತಿ ಮಗುವಿನ ಮನಸ್ಸು ಹೇಗಿದೆ ಎಂದು ಕೇಳಬೇಕು, ಶನಿವಾರ ದಪ್ತರ, ಅಂದರೆ ಪುಸ್ತಕದ ಚೀಲ, ತರಿಸದೆ ಆಟ-ಹಾಡು ಮಾಡಿಸಬೇಕು ಎಂದಿತ್ತು. ನಮ್ಮ ಹೆಡ್‌ಮಾಸ್ತರರಾದ ಅಪ್ಪಾಸಾಹೇಬ ಸರ್ ಅದನ್ನು ಓದಿ ಹೇಳಿದಾಗ ನೀಲಿಮಾ ಹಿಗ್ಗಿ ಹೀರೇಕಾಯಿಯಾದಳು. "ನಮ್ಮ ಬೆಂಚಿಗೆ ಸರ್ಕಾರಿ ಶಿಕ್ಕಾ ಬಿತ್ತು ನೋಡ್ರಿ!"

ಇನ್ನೊಂದು, ಕುಂಕುಮದ ಹೆಜ್ಜೆ. ಇದು ಇಲ್ಲಿನ ಬಹಳ ಶಾಲೆಗಳಲ್ಲಿ ಇದೆ. ಮೊದಲ ದಿನ ಒಂದನೇ ತರಗತಿಯ ಮಕ್ಕಳ ಪಾದವನ್ನು ಕುಂಕುಮದ ನೀರಿನಲ್ಲಿ ಅದ್ದಿ ಬಿಳಿ ಹಾಳೆಯ ಮೇಲೆ ಊರಿಸುತ್ತಾರೆ. ಬೇರೆ ಕಡೆ ಒಂದೊಂದು ಮಗುವಿಗೆ ಒಂದೊಂದು ಹಾಳೆ, ಅದು ಮನೆಗೆ ಹೋಗುತ್ತದೆ. ನೀಲಿಮಾ ಮಾತ್ರ ಒಂದು ದೊಡ್ಡ ಬಿಳಿ ಬಟ್ಟೆ ಹಾಸಿ, ಚೌಕ ಎಳೆದು, ಪ್ರತಿ ಚೌಕದ ಕೆಳಗೆ ಅ ಆ ಇ ಈ ಕ್ರಮದಲ್ಲಿ ಹೆಸರು ಬರೆದು, ಎಲ್ಲರ ಹೆಜ್ಜೆಯನ್ನೂ ಅದರ ಮೇಲೇ ಮೂಡಿಸುತ್ತಿದ್ದಳು. ಆ ಬಟ್ಟೆ ವರ್ಷವಿಡೀ ತರಗತಿಯ ಗೋಡೆಯ ಮೇಲೆ ಇರುತ್ತಿತ್ತು. ಹೆಜ್ಜೆ ಮೂಡಿದ ಮೇಲೆ ಪ್ರತಿ ಮಗುವಿನ ಕಾಲನ್ನು ಬಿಸಿನೀರಿನಲ್ಲಿ ತೊಳೆಯುವವಳೂ ಅವಳೇ. ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಈ ವರ್ಷದ ಹೊಸ ಮಕ್ಕಳಲ್ಲಿ ಅವಳು ಹೆಚ್ಚು ಕಾದಿದ್ದು ಇಂಪನಾಗೆ. ಮನೆಯಲ್ಲಿ ಅವಳನ್ನು ಚಿನ್ನು ಎನ್ನುತ್ತಾರೆ. ಆ ಕುಟುಂಬ ಕೊಳ್ಳೇಗಾಲದ ಕಡೆಯಿಂದ ಮೇ ತಿಂಗಳಲ್ಲಿ ಪುಣೆಗೆ ಬಂದದ್ದು. ತಂದೆ ಅವಿನಾಶ್‌ಗೆ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ತಾಯಿಯೂ ಬೆಳಗ್ಗೆಯೇ ಕ್ಯಾಬ್ ಹತ್ತುವವಳು. ಅಂಥವರ ಮಕ್ಕಳು ನಮ್ಮ ಶಾಲೆಗೆ ಬರುವುದಿಲ್ಲ. ಈ ಮಗು ಬಂದದ್ದು ಅಜ್ಜಿ ಅನ್ನಪೂರ್ಣಮ್ಮನವರ ಹಟಕ್ಕೆ. "ಅಪ್ಪ ಅಮ್ಮ ಬರೋದು ರಾತ್ರಿಗೆ. ಮಗಾ ಇರೋದು ನನ್ ಜೊತೆ. ನಂಗೆ ಬರೋದೇ ಕನ್ನಡ. ಇನ್ನು ಯಾವ ಶಾಲೆಗೆ ಹಾಕ್ಬೇಕು ನೀವೇ ಹೇಳಿ," ಎಂದಿದ್ದರು. ಹೆಸರು ಬರೆಸುವ ದಿನವೇ ಮಗು ನೀಲಿಮಾಳ ತೊಡೆಯೇರಿ, ಊರಲ್ಲಿ ತನ್ನದೊಂದು ಕೋಳಿ ಇದೆ, ಅದರ ಹೆಸರು ರಾಣಿ, ಅದಕ್ಕೆ ಯಾರನ್ನು ಕಂಡರೂ ಆಗುವುದಿಲ್ಲ ಎಂದು ಹೇಳಿತ್ತು. ಆಮೇಲೆ ಮೇ ತಿಂಗಳು ಮುಗಿಯುವತನಕ ನೀಲಿಮಾಳ ಬಾಯಲ್ಲಿ ಆ ಕೋಳಿಯದೇ ಮಾತು.

ಢೋಲಿನ ವಿಚಾರವನ್ನು ನೀಲಿಮಾ ಎತ್ತಿದ್ದು ಶಾಲೆ ಶುರುವಾಗುವ ಹಿಂದಿನ ವಾರದ ಮೀಟಿಂಗಿನಲ್ಲಿ.

"ಸರ್, ಈ ಸಲ ಪ್ರವೇಶೋತ್ಸವಕ್ಕ ಢೋಲ್-ತಾಶಾ ಇರಲಿ."

ಅಪ್ಪಾಸಾಹೇಬ ಸರ್ ಕನ್ನಡಕ ಮೇಲೆತ್ತಿದರು. "ಯಾರದರ ಮದಿವಿ ಅದ ಏನ್ರಿ ಬಾಯಾರ?" ಕಲಿಸುವ ಹೆಂಗಸರನ್ನು ನಮ್ಮಲ್ಲಿ ಬಾಯಿ, ಬಾಯಾರು ಎಂದೇ ಕರೆಯುವುದು.

"ಹೋದ ವರ್ಷ ಚಕ್ಕಡಿ ತರಿಸಿದ್ದಿವಲ್ರಿ, ಏನಾತು? ಎತ್ತು ಗೇಟಿನ್ಯಾಗ ಸಗಣಿ ಹಾಕ್ತು. ಮಕ್ಕಳು ಅದನ್ನs ನೋಡ್ಕೋತ ನಿಂತು ಒಳಗ ಬರ್ಲಿಲ್ಲ. ಈ ಸಲ ಢೋಲು. ನಮ್ಮ ಸಾಲ್ಯಾಗ ಕಲತ ಹುಡುಗ ರೋಹಿತ, ಢೋಲಿನ ಪಥಕದಾಗ ಬಾರಸ್ತಾನ. ನಾ ಕರದ್ರ ಓಡಿ ಬರ್ತಾನ."

"ಮಕ್ಕಳು ಭಾಳ ಸಣ್ಣವು ಅದಾವ್ರಿ."

"ಪುಣೇದ ಮಕ್ಕಳ್ರಿ ಸರ್! ತಾಯಿ ಹೊಟ್ಟ್ಯಾಗ ಇದ್ದಾಗಿಂದ ಢೋಲು ಕೇಳ್ಯಾವ. ಗಣಪತಿ ಬಂದ್ರ ಹಾಲು ಕುಡಿಯೂ ಕೂಸೂ ಕುಣೀತದ."

ನಾವೆಲ್ಲ ನಕ್ಕು ಹೌದೆಂದೆವು. ಈ ಊರಿನಲ್ಲಿ ಇದ್ದವರಿಗೆ ಢೋಲು ಸದ್ದಲ್ಲ, ಸಂತೋಷ. ಜುಲೈ ಬಂತೆಂದರೆ ನದೀದಂಡೆಯಲ್ಲಿ ಸಂಜೆ ಸಂಜೆಗೆ ಗಣಪತಿಗೆ ಬಾರಿಸುವ ಪಥಕಗಳ, ಅಂದರೆ ಢೋಲು ತಂಡಗಳ, ತಾಲೀಮು. ಅದಿಲ್ಲದೆ ಮಳೆಗಾಲ ಬಂದಂತೆ ಅನ್ನಿಸುವುದಿಲ್ಲ. ಅದನ್ನು ಎಂದೂ ಕೇಳದೆ ಇರುವ ಮಗು ಈ ಊರಿನಲ್ಲಿ ಇರಬಹುದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ರೋಹಿತ ಭೋಸರಿಯ ವರ್ಕ್‌ಶಾಪಿನಿಂದ ಸಂಜೆ ನೇರವಾಗಿ ಬಂದ. "ಬಾಯಿ, ಇಪ್ಪತ್ತು ಢೋಲು ತರ್ಲೇನ್ರಿ?"

"ಬ್ಯಾಡೋ ನಮ್ಮಪ್ಪಾ, ಸಾಲಿ ಗ್ವಾಡಿ ಬಿದ್ದೀತು. ಐದಾರು ಸಾಕು."

ಶಾಲೆ ಶುರುವಾಗುವ ಸೋಮವಾರ ಬೆಳಿಗ್ಗೆ ಸಣ್ಣಗೆ ಮಳೆ ಹನಿದು ನಿಂತಿತ್ತು. ಗೇಟಿಗೆ ಮಾವಿನ ತೋರಣ, ಚೆಂಡು ಹೂವಿನ ಸರ. ನೀಲಿಮಾ ಹಸಿರು ಇಳಕಲ್ ಸೀರೆಯುಟ್ಟು, ಕೈಯಲ್ಲಿ ಗುಲಾಬಿಯ ಬುಟ್ಟಿ ಹಿಡಿದು, ಗೇಟಿಗೂ ತರಗತಿಗೂ ಓಡಾಡುತ್ತಿದ್ದಳು. ಹೊಸ ಯೂನಿಫಾರ್ಮಿನ ಮಡಿಕೆ ಇನ್ನೂ ಬಿಚ್ಚದ ಮಕ್ಕಳು, ಬೆನ್ನಿಗಿಂತ ದೊಡ್ಡ ದಪ್ತರ, ಫೋನು ಎತ್ತಿ ಹಿಡಿದ ತಂದೆಯರು. ಅಭಿಲಾಷ ಎಂಬ ಹುಡುಗ ಗೇಟು ದಾಟುವ ಮೊದಲೇ "ಬಾಯಿ, ಖಿಚಡಿ ಯಾವಾಗ ಕೊಡ್ತಾರ?" ಎಂದು ಕೇಳಿದ. ಅವಳಿ-ಜವಳಿ ಬಂದವು, ಹಲ್ಲಿಲ್ಲದ್ದು ನಗುತ್ತ, ಹಲ್ಲಿದ್ದದ್ದು ಅಳುತ್ತ. ನೀಲಿಮಾ ನನ್ನ ಕಡೆ ತಿರುಗಿ ಕಣ್ಣು ಹೊಡೆದಳು.

ಇಂಪನಾ ಅಜ್ಜಿಯ ಬೆರಳು ಹಿಡಿದು ಗೇಟಿನ ಹತ್ತಿರ ಬಂದಳು. ನೀಲಿಮಾ ಗುಲಾಬಿ ಹಿಡಿದು ಮಂಡಿಯೂರಿದಳು. "ಬಾ ನಮ್ಮವ್ವಾ, ರಾಣಿ ಹೆಂಗದಾಳ?" ಮಗು ಬಾಯಿ ತೆರೆಯಿತು. ಅಷ್ಟರಲ್ಲಿ ರೋಹಿತ ಸೀಟಿ ಊದಿದ. ಢೋಲುಗಳು ಒಟ್ಟಿಗೆ ಬಿದ್ದವು.

ಮಗು ಕೂಗಲಿಲ್ಲ. ಅಜ್ಜಿಯ ಬೆರಳು ಬಿಟ್ಟು ತಿರುಗಿ ರಸ್ತೆಗೆ ಓಡಿತು. ಟೆಂಪೋ ಒಂದು ಕಿರುಚಿ ನಿಂತಿತು. ಗುಲಾಬಿಯ ಬುಟ್ಟಿ ಎಲ್ಲಿ ಬಿತ್ತೋ, ನೀಲಿಮಾ ರಸ್ತೆಯ ನಡುವೆ ಮಗುವನ್ನು ಬಾಚಿ ಎತ್ತಿದ್ದಳು. ಏನೂ ಆಗಿರಲಿಲ್ಲ. ಆದರೆ ಮಗು ಈಗ ಚೀರತೊಡಗಿತು. ಎರಡೂ ಕೈಗಳಿಂದ ನೀಲಿಮಾಳ ಮುಖವನ್ನು ನೂಕುತ್ತ, "ನೀವು ಬೇಡ! ನೀವು ಬೇಡ!" ಎನ್ನುತ್ತಿತ್ತು. ಅನ್ನಪೂರ್ಣಮ್ಮ ಬಂದು ಅವಳನ್ನು ಎದೆಗವಚಿಕೊಂಡು ಆಟೋ ಹತ್ತಿದರು.

ನೀಲಿಮಾ ಎರಡೂ ಕೈ ಎತ್ತಿ ಢೋಲು ನಿಲ್ಲಿಸಿದಳು. ಉಳಿದ ಮಕ್ಕಳ ಹೆಜ್ಜೆ ಮೂಡಿಸಿದಳು, ಕಾಲು ತೊಳೆದಳು, ನಗಿಸಿದಳು. ಮಕ್ಕಳು ಖಿಚಡಿಗೆ ಹೋದಾಗ ಹೋಗಿ ಅಳುವ ಬೆಂಚಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತೆ. ಹಲ್ಲಿದ್ದ ಅವಳಿ ಊಟ ಬಿಟ್ಟು ಬಂದು, ಅವಳನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿತು: "ಬಾಯಿ, ನಿಮ್ಮದು ಮುಗೀತೇನ್ರಿ? ನನಗ ಅಳೂದದ."

ನೀಲಿಮಾ ಅಳುವನ್ನೂ ನಗುವನ್ನೂ ಒಟ್ಟಿಗೆ ಮಾಡುತ್ತ ಎದ್ದು ಜಾಗ ಬಿಟ್ಟಳು. ನಿಯಮವೆಂದರೆ ನಿಯಮ.

ಬಟ್ಟೆ ಗೋಡೆಗೇರಿತು. ಅಭಿಲಾಷನ ಹೆಜ್ಜೆಯ ಪಕ್ಕ ಒಂದು ಚೌಕ ಖಾಲಿ, ಅದರ ಕೆಳಗೆ ಇಂಪನಾ ಎಂದು ಬರೆದಿತ್ತು. ದಿನವೂ ಬೆಳಿಗ್ಗೆ ಅಭಿಲಾಷ ಕೇಳುವನು: "ಬಾಯಿ, ಈಕಿ ಕಾಲು ಎಲ್ಲದಾವ್ರಿ?" ನೀಲಿಮಾ "ಬರಾಕತ್ತಾವ" ಎನ್ನುವಳು. ವಾರ ಕಳೆಯಿತು, ಬರಲಿಲ್ಲ. ಬಂದದ್ದು ಅವಿನಾಶನ ಫೋನು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

"ಮೇಡಂ, ತಪ್ಪು ತಿಳ್ಕೋಬೇಡಿ. ನಿದ್ದೇಲೂ ಬೆಚ್ಚಿ ಬೀಳ್ತಾಳೆ. ಅದು ನನ್ನ ಒಳಗೆ ಹೊಡೀತು ಅಂತಾಳೆ. ಸ್ಕೂಲ್ ಅಂದ್ರೆ ಟೇಬಲ್ ಕೆಳಗೆ ಹೋಗಿ ಕೂತ್ಬಿಡ್ತಾಳೆ. ನಮ್ಮ ಸೊಸೈಟಿ ಎದುರಿಗೇ ಒಂದು ಇಂಗ್ಲಿಷ್ ಸ್ಕೂಲಿದೆ, ಮಂತ್ ಎಂಡ್‌ವರೆಗೆ ಸೀಟ್ ಇಟ್ಟಿರ್ತಾರಂತೆ. ಅಮ್ಮಂಗೆ ಬೇಜಾರು, ಬಟ್ ನಾನೇನ್ ಮಾಡ್ಲಿ?"

"ತಪ್ಪು ನಂದ್ರಿ," ಎಂದಳು ನೀಲಿಮಾ. ಅಷ್ಟು ಸಣ್ಣ ದನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ. "ಕೂಸು ಯಾವ ಸಾಲಿಗೆ ಹೋದ್ರೂ ಕಲೀತದ. ಆದ್ರ ಸಾಲಿ ಅಂದ್ರ ಅಂಜಿಕಿ ಅಂತ ತಲ್ಯಾಗ ಇಟ್ಕೊಂಡು ಹೋಗಬಾರದು. ಒಮ್ಮೆ ನೋಡಾಕ ಬರ್ಲೇನ್ರಿ?"

"ಬನ್ನಿ ಮೇಡಂ. ಫೋರ್ಸ್ ಮಾಡ್ಬೇಡಿ, ಪ್ಲೀಸ್."

ಫೋನಿಟ್ಟು ನನ್ನ ಕಡೆ ತಿರುಗಿದಳು. "ನೀ ಭಾಳ ಓದಾಕಿ. ಅಂಜಿದ ಕೂಸಿಗೆ ಏನು ಮಾಡಬೇಕಂತ ನಿನ್ನ ಪುಸ್ತಕದಾಗ ಬರದಾರ?"

ಅಂಜಿಕೆಯನ್ನು ಒಮ್ಮೆಲೇ ಎದುರಿಗೆ ಇಡಬಾರದು, ಸ್ವಲ್ಪಸ್ವಲ್ಪವಾಗಿ ಪರಿಚಯ ಮಾಡಿಸಬೇಕು ಎಂದು ಬರೆದಿದ್ದಾರೆ ಅಂದೆ.

"ಅಂದ್ರ ರೊಟ್ಟಿ ಮುರದು ಕೊಟ್ಟಂಗ." ಆಮೇಲೆ ಅವಳ ಕಣ್ಣು ಮೊದಲಿನಂತೆ ಆಯಿತು. "ದೀಪಾಲಿ, ನಾಳಿ ಸಂಜಿಮುಂದ ಏನು ಕೆಲಸ ಅದ ನಿನಗ?"

ಮರುದಿನ ಸಂಜೆ ನಾನು ಅವಳ ಸ್ಕೂಟರಿನ ಹಿಂದೆ, ಹೊಸಬರು ಕಲಿಯಲೆಂದು ಪಥಕದವರು ಇಟ್ಟುಕೊಂಡ ಒಂದು ಸಣ್ಣ ಢೋಲನ್ನು ಹಳೆಯ ಸೀರೆಯಲ್ಲಿ ಸುತ್ತಿ ತಬ್ಬಿಕೊಂಡು ಕೂತಿದ್ದೆ. ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು ನೋಡಿ ನಕ್ಕರು. ಪಿಂಪಳೆಯ ಆ ಸೊಸೈಟಿಯ ವಾಚಮನ್ ಅಡ್ಡ ಬಂದ. "ಕಾಯ್ ಮ್ಯಾಡಮ್, ಗಣಪತೀಲಾ ಅಜೂನ್ ಲಯಿ ವೇಳ್ ಆಹೇ!" ಗಣಪತಿಗೆ ಇನ್ನೂ ಬಹಳ ದಿನವಿದೆಯಲ್ಲ ಎಂದು ಅವನ ತಕರಾರು.

"ಪ್ರ್ಯಾಕ್ಟಿಸ್ ನಕೋ ಕಾ, ಭಾವೂ?" ಎಂದಳು ನೀಲಿಮಾ. ತಾಲೀಮು ಬೇಡವೇನಪ್ಪಾ ಎಂಬ ಆ ಮಾತಿಗೆ ಅವನೂ ನಕ್ಕು ಗೇಟು ತೆಗೆದ.

ಮನೆಯಲ್ಲಿ ಮಗು ನಮ್ಮನ್ನು ಕಂಡದ್ದೇ ಊಟದ ಟೇಬಲ್ಲಿನ ಕೆಳಗೆ ಸೇರಿಕೊಂಡಿತು. ನೀಲಿಮಾ ಅತ್ತ ನೋಡಲೇ ಇಲ್ಲ. ಢೋಲನ್ನು ಮೂಲೆಯಲ್ಲಿ ಬಾರಿಸುವ ಹಾಳೆ ಮೇಲಾಗುವಂತೆ ನಿಲ್ಲಿಸಿ, ನೆಲದ ಮೇಲೆ ಕೂತು ಅನ್ನಪೂರ್ಣಮ್ಮನವರೊಡನೆ ಮಾತಿಗೆ ತೊಡಗಿದಳು. ಮುದ್ದೆ ಹೇಗೆ ನುಂಗುತ್ತೀರಿ, ನಮಗೆ ಗಂಟಲಲ್ಲಿ ನಿಲ್ಲುತ್ತದೆ ಎಂದಳು. ಅವರು, ನಿಮ್ಮ ರೊಟ್ಟಿ ಅಗಿಯೋ ಹೊತ್ತಿಗೆ ನಮ್ಮೂರಲ್ಲಿ ಎರಡು ಊಟ ಆಗುತ್ತೆ ಎಂದರು. ಕೋಳಿಯ ಮಾತೂ ಬಂತು. ಟೇಬಲ್ಲಿನ ಕೆಳಗೆ ಸದ್ದಿಲ್ಲ.

"ಅಮ್ಮಾರ, ಒಂದು ಹಿಡಿ ಜ್ವಾಳ ಕೊಡ್ರಿ."

"ನಮ್ಮನೇಲಿ ಜೋಳ ಎಲ್ಲಿ ಬರ್ಬೇಕು ತಾಯಿ? ರಾಗಿ ಇದೆ, ಆಗುತ್ತಾ?"

"ಆಗ್ತದ. ಇನ್ನೂ ಚಲೋ ಆತು."

ರಾಗಿಯನ್ನು ಢೋಲಿನ ಮೇಲೆ ಹರಡಿದಳು. ಒಂದು ಬೆರಳಿನ ತುದಿಯಿಂದ, ಬಾಗಿಲಿನಾಚೆ ಯಾರಿಗೋ ಎಚ್ಚರವಾಗದ ಹಾಗೆ, ಟಕ್ ಎಂದಳು. ಕಾಳುಗಳು ಎದ್ದು ಬಿದ್ದವು. ಇನ್ನೊಮ್ಮೆ ಟಕ್. ಮತ್ತೆ ಎದ್ದು, ಪಕ್ಕಕ್ಕೆ ಜಿಗಿದು, ಒಂದು ಸಾಲಾಗಿ ಸುತ್ತಿದವು. ಅವಳು ಒಬ್ಬಳೇ ಕಿಸಕ್ಕನೆ ನಕ್ಕಳು. "ಅಯ್ಯ, ಇವು ಕುಣ್ಯಾಕತ್ತಾವಲ್ರಿ! ಅಗಾ, ಆ ತುದೀದು ನೋಡ್ರಿ, ಸೊಕ್ಕು ಎಷ್ಟದ!"

"ನಂಗೆ ಕಾಣ್ತಿಲ್ಲ," ಎಂದಿತು ಟೇಬಲ್ಲಿನ ಕೆಳಗಿನ ದನಿ.

"ಅಲ್ಲಿಂದ ಹೆಂಗ ಕಾಣ್ತದವ್ವಾ? ಹೊರಗ ಬರಬೇಕು."

"ಜೋರಾಗಿ ಹೊಡೀತೀರಾ?"

"ನೀ ಹ್ಞೂಂ ಅನ್ನೂತನಕ ಇಲ್ಲ."

ಆಮೇಲೆ ಅವಳು ದೌಂಡದ ಕತೆ ಹೇಳಿದಳು. ಇಷ್ಟು ವರ್ಷಗಳಲ್ಲಿ ನಾನೂ ಅದನ್ನು ಕೇಳಿರಲಿಲ್ಲ. ಸಣ್ಣವಳಿದ್ದಾಗ ಅವಳಿಗೆ ಎಂಜಿನ್ನಿನ ಸೀಟಿ ಎಂದರೆ ಪ್ರಾಣಭಯ. ಕ್ವಾರ್ಟರ್ಸಿನ ಮಕ್ಕಳೆಲ್ಲ ಅಂಜುಬುರುಕಿ ಎಂದು ಆಡಿಕೊಳ್ಳುತ್ತಿದ್ದರು. ಒಂದು ದಿನ ಅಪ್ಪ ಅವಳನ್ನು ನಿಂತ ಎಂಜಿನ್ನಿನ ಹತ್ತಿರ ಕರೆದೊಯ್ದ. "ಡ್ರೈವರ್ ಕಾಕಾಗ ಹೇಳಿದ: ಈಕಿ ಹ್ಞೂಂ ಅಂದ ಮ್ಯಾಲ ಸೀಟಿ ಹೊಡೀರಿ, ಅಲ್ಲೀತನಕ ಗಾಡಿ ಬಿಡಬ್ಯಾಡ್ರಿ ಅಂತ. ನಾ ಕಿವಿ ಮುಚ್ಚಿಕೊಂಡು ನಿಂತೆ. ಕಾಕಾ ಕಾಯ್ದ. ಅಪ್ಪ ಕಾಯ್ದ. ಇಡೀ ಗಾಡಿ ನನ್ನ ಸಲುವಾಗಿ ಕಾಯ್ತು."

"ಆಮೇಲೆ?" ಮಗು ಹೊರಗೆ ಬಂದು ಢೋಲಿನ ಪಕ್ಕವೇ ಕೂತಿತ್ತು.

"ಆಮ್ಯಾಲೇನು, ನಾ ಹ್ಞೂಂ ಅಂದೆ. ಕಾಕಾ ಹೊಡದ. ಅದು ನಾ ಹೊಡಿಸಿದ ಸೀಟಿ ಅಲ್ಲೇನು? ನಂದs ಸೀಟಿಗೆ ನಾ ಯಾಕ ಅಂಜಲಿ?"

ಇಂಪನಾ ಕಿರುಬೆರಳು ಚಾಚಿ ಮುಟ್ಟಿದಳು. ಒಂದು ಕಾಳು ಅಲುಗಿತು. ಇನ್ನೊಂದು ಬೆರಳು. ಆಮೇಲೆ ಅಂಗೈ. ರಾಗಿ ಟೈಲ್ಸಿನ ಮೇಲೆಲ್ಲ ಚೆಲ್ಲಾಡಿತು.

"ಅಯ್ಯೋ ನನ್ ರಾಗಿ!" ಎಂದು ಅನ್ನಪೂರ್ಣಮ್ಮ ಎದ್ದರು. ಮಗು ಕೇಕೆ ಹಾಕಿ ನಕ್ಕಿತು.

ಹೊರಡುವಾಗ ನೀಲಿಮಾ ಬಾ ಎನ್ನಲಿಲ್ಲ. "ಅಭಿಲಾಷ ಅಂತ ಒಬ್ಬ ಅದಾನ. ರಾಗಿ ಕುಣೀತದ ಅಂದ್ರ ನಂಬಾಂಗಿಲ್ಲ ಅವ. ಶನಿವಾರ ದಪ್ತರ ಇಲ್ಲ. ನೀ ಬಂದು ತೋರಿಸಿದ್ರ ನಂಬ್ಯಾನು," ಎಂದಳು.

"ಎಲ್ರೂ ಸುಮ್ನೆ ಇರ್ತಾರಾ?"

"ಇರ್ತಾರ."

ಒಂದನೇ ತರಗತಿಯ ಮಕ್ಕಳನ್ನು ಸುಮ್ಮನಿರಿಸುವುದೆಂದರೆ ಬುಟ್ಟಿಯಲ್ಲಿ ಕಪ್ಪೆ ತುಂಬಿದ ಹಾಗೆ. ವಾರವಿಡೀ ಗೋಡೆಯಾಚೆಯಿಂದ ಅದರ ತಾಲೀಮು ನನಗೆ ಕೇಳುತ್ತಿತ್ತು. ಅಂದರೆ ಏನೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬರು ಪುಸಕ್ಕನೆ ನಕ್ಕರೆ ಮತ್ತೆ ಮೊದಲಿನಿಂದ. "ಬಾಯಿ, ಸೀನು ಬಂದ್ರ?" "ನುಂಗೋ." "ಲೋಕಲ್ ಬಂದ್ರ?" "ಅದಕ್ಕ ನಾ ಹೇಳಾಂಗಿಲ್ಲಪಾ, ಅದು ನಮ್ಮ ಕ್ಲಾಸಿನದಲ್ಲ."

ಶನಿವಾರ ಬೆಳಿಗ್ಗೆ ನನ್ನ ತರಗತಿಯನ್ನೂ ವರಾಂಡಕ್ಕೆ ತಂದು ಕೂರಿಸಿದೆ. ಅಪ್ಪಾಸಾಹೇಬ ಸರ್ ಆಫೀಸಿನ ಫ್ಯಾನು ಕೂಡ ಆರಿಸಿ ಬಂದು ನಿಂತರು, ಅದು ಕಿರುಗುಟ್ಟುತ್ತದೆಂದು. ಅಂಗಳದ ನಡುವೆ ಢೋಲು, ಸುತ್ತ ತುಟಿಯ ಮೇಲೆ ಬೆರಳಿಟ್ಟು ಕೂತ ಮಕ್ಕಳು. ಗೇಟಿನಲ್ಲಿ ಅವಿನಾಶನ ಬೈಕು ನಿಂತಿತು. ಮುಂದೆ ಇಂಪನಾ, ಹಿಂದೆ ಡಬ್ಬಿ ಹಿಡಿದ ಅನ್ನಪೂರ್ಣಮ್ಮ. ಮಗು ಇಳಿಯಿತು. ಗೇಟಿನ ಕಂಬಿ ಹಿಡಿದು ನಿಂತಿತು. ಎಷ್ಟು ಹೊತ್ತು ನಿಂತಿತೋ, ಉಸಿರು ಹಿಡಿದವರಿಗೆ ಲೆಕ್ಕ ಸಿಗುವುದಿಲ್ಲ. ಲೋಕಲ್ ಬಂತು, ಹೋಯಿತು. ನೀಲಿಮಾ ಢೋಲಿನಾಚೆ ಕೈಕಟ್ಟಿ ಕೂತಿದ್ದಳು. ಒಂದು ಬೆರಳಿನಿಂದಲೂ ಕರೆಯಲಿಲ್ಲ.

ಮಗು ಕಂಬಿ ಬಿಟ್ಟಿತು. ಅಜ್ಜಿಯ ಕೈಯಿಂದ ಡಬ್ಬಿ ತೆಗೆದುಕೊಂಡಿತು. ಒಳಗೆ ಬಂತು.

"ಬಂದ್ಲು!" ಎಂದ ಅಭಿಲಾಷ.

"ಶ್!" ಎಂದಿತು ಇಡೀ ಶಾಲೆ.

ಇಂಪನಾ ರಾಗಿ ಸುರಿದು, ಬೆರಳು ಎತ್ತಿ, ಎಲ್ಲರನ್ನೂ ಒಮ್ಮೆ ನೋಡಿ, ಟಕ್ ಎಂದಳು. ಮುಂದಿನ ಸಾಲಿನವರ ಬಾಯಿ ತೆರೆಯಿತು. ಹಿಂದಿನವರು ಎದ್ದು ನಿಂತರು. ಅಭಿಲಾಷ ತುಟಿಯ ಮೇಲಿನ ಬೆರಳು ತೆಗೆಯದೆಯೇ "ಯವ್ವಾ, ಖರೇನs ಕುಣೀತಾವ!" ಎಂದ. ಅಲ್ಲಿಗೆ ಶಿಸ್ತು ಮುಗಿಯಿತು. ನನಗ, ನನಗ ಎಂದು ಎಲ್ಲರೂ ಮುತ್ತಿದರು. ಇಂಪನಾ ಒಬ್ಬೊಬ್ಬರಿಗೆ ಸರದಿ ಕೊಡುತ್ತಿದ್ದಳು: "ಒಂದೇ ಬೆರಳು. ಅಂಗೈ ಇಲ್ಲ. ನಾನು ಹ್ಞೂಂ ಅಂದ್ಮೇಲೆ." ಡಬ್ಬಿ ಬರಿದಾಯಿತು, ಅಂಗಳವೆಲ್ಲ ರಾಗಿ. ಗುಬ್ಬಿಗಳು ಇಳಿದವು.

ಗೋಡೆಯಿಂದ ಬಟ್ಟೆ ಇಳಿಸಿ ಹಾಸಿದೆವು. ಕುಂಕುಮದ ತಟ್ಟೆಯಲ್ಲಿ ಕಾಲಿಟ್ಟಾಗ ಇಂಪನಾ ತಣ್ಣಗಿದೆ ಎಂದು ಮುದುಡಿದಳು. ಆಮೇಲೆ ಖಾಲಿ ಚೌಕದಲ್ಲಿ ಎರಡೂ ಪಾದ ಊರಿ, ಇನ್ನೂ ಗಟ್ಟಿಯಾಗಿ ಮೂಡಲೆಂದು ನಿಂತಲ್ಲೇ ಒತ್ತಿದಳು. ಬಲಗಾಲಿನ ಹೆಬ್ಬೆರಳು ಗೆರೆ ದಾಟಿ ಅಭಿಲಾಷನ ಚೌಕಕ್ಕೆ ಹೋಯಿತು. ಅವನು ಜಗಳ ತೆಗೆದ. ನೀಲಿಮಾ ಬಿಸಿನೀರಿನ ಬಕೆಟ್ಟಿನ ಮುಂದೆ ಕೂತು, ಬೆರಳ ಸಂದಿಯ ಕುಂಕುಮವನ್ನೆಲ್ಲ ತೊಳೆದು, ಸೆರಗಿನಿಂದ ಒರೆಸಿ, ಸಾಕ್ಸು ಹಾಕಿದಳು.

ಶಾಲೆ ಬಿಟ್ಟಾಗ ಅವಿನಾಶ್ ಮತ್ತೆ ಬಂದಿದ್ದ. "ಮೇಡಂ, ಆ ಸೀಟ್ ಬೇಡ ಅಂತ ಹೇಳಿಬಿಟ್ಟೆ," ಎಂದ. ನೀಲಿಮಾ ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು, ತನ್ನ ಹಳೆಯ ವಿದ್ಯಾರ್ಥಿಗಳಿಗೆ ಕೊಡುವಂಥದ್ದು. ಅನ್ನಪೂರ್ಣಮ್ಮ ಬರಿದಾದ ಡಬ್ಬಿ ಅಲುಗಿಸಿ ನಕ್ಕರು.

ಮಕ್ಕಳೆಲ್ಲ ಹೋದರು. ಸಂಜೆ ರೋಹಿತನಿಗೆ ಢೋಲು ಮರಳಿಸಬೇಕಿತ್ತು. ನಾವಿಬ್ಬರೂ ಅದನ್ನು ಸ್ಕೂಟರಿನ ಹಿಂದೆ ಸೀರೆಯಿಂದ ಕಟ್ಟಿದೆವು. ಸೀರೆಯ ನಡುವೆ ಢೋಲಿನ ಬಿಳಿ ಹಾಳೆ ಅರ್ಧ ಕಾಣುತ್ತಿತ್ತು. ಅವಿನಾಶ್ ಬೈಕು ಚಾಲೂ ಮಾಡಿದ್ದ. ಮುಂದೆ ಕೂತ ಇಂಪನಾ ತಿರುಗಿ ನೋಡಿದಳು.

"ಬಾಯಿ! ಅದನ್ನ ಜೋರಾಗಿ ಹೇಗೆ ಹೊಡೀತಾರೆ?"

ನೀಲಿಮಾ ನನ್ನನ್ನು ನೋಡಿದಳು. ನಾನು ಅವಿನಾಶನನ್ನು ನೋಡಿದೆ. ಅವನು ಎಂಜಿನ್ ಆರಿಸಿದ.

"ತೋರಸ್ಲೇನು?" ಎಂದಳು ನೀಲಿಮಾ.

ಇಂಪನಾ ಎರಡೂ ಕಿವಿ ಮುಚ್ಚಿಕೊಂಡಳು. ಕಣ್ಣು ಮುಚ್ಚಲಿಲ್ಲ. ನೀಲಿಮಾ ಬ್ಯಾಗಿನಿಂದ ಢೋಲಿನ ಕೋಲು ತೆಗೆದು ಕಾದಳು. ಬೈಕು ಕಾಯಿತು, ನಾವೆಲ್ಲ ಕಾದೆವು, ಗೇಟಿನ ಹೊರಗೆ ಕಡಲೆಕಾಯಿ ಮಾರುವವನೂ ಕೈ ನಿಲ್ಲಿಸಿ ಕಾದ. ಮಗುವಿನ ಮುಖದಲ್ಲಿ ಮೊದಲು ಒಂದು ಕೆನ್ನೆ ನಕ್ಕಿತು, ಆಮೇಲೆ ಇನ್ನೊಂದು. ತಲೆ ಮೇಲೆ ಕೆಳಗೆ ಆಡಿಸಿದಳು.

"ಹ್ಞೂಂ!"

ನೀಲಿಮಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೋಲನ್ನು ತಲೆಯ ಮೇಲಕ್ಕೆ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಒಂದು ಪೆಟ್ಟು ಹೊಡೆದಳು.